ರೇಖಾಪಾಠವೂ ಗಣಕಯಂತ್ರವೂ

೧. ವಿಷಯಪ್ರವೇಶ

ನಮ್ಮ ನಾಡಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳು ಇಂದು ಘನವಸ್ತುಗಳ ನಕ್ಷೆಯನ್ನು ಗಣಕಯಂತ್ರದ ಪರದೆಯ ಮೇಲೆ ಬರೆಯುತ್ತಾರೆ. ಈ ವಿದ್ಯೆಗೆ ಗಣಕಸಹಾಯಕ ವಿನ್ಯಾಸವೆಂದೂ ಸಂಕ್ಷೇಪವಾಗಿ ಕ್ಯಾಡ್ ಎಂದೂ ಹೆಸರು. ಇದರ ಉತ್ಪತ್ತಿಯ ವಿಷಯದಲ್ಲಿ ಜನರಲ್ಲಿ ರೂಢವಾಗಿರುವ ಅಭಿಪ್ರಾಯವೇನೆಂದರೆ, ಕಾರ್ಖಾನೆಗಳೂ ವ್ಯಾಪಾರಸಂಸ್ಥೆಗಳೂ ತಮ್ಮ ಲಾಭಕ್ಕಾಗಿ ಈ ಸಾಧನವನ್ನು ನಿರ್ಮಿಸಿದುವು. ಕಾಲೇಜುಗಳು ಬಹುಕಾಲ ಕಳೆದಮೇಲೆ ಅದನ್ನು ಎರವಲು ತಂದುಕೊಂಡುವು, ಎಂದು. ಈ ಅಭಿಪ್ರಾಯವು ಅರ್ಧಸತ್ಯವೆಂದೂ, ಈ ವಿದ್ಯೆಯ ಮುಖ್ಯತತ್ತ್ವಗಳು ಬಹುಮಟ್ಟಿಗೆ ವಿದ್ಯಾಪೀಠಗಳಲ್ಲಿಯೇ, ಅದರಲ್ಲಿಯೂ ಒಂದೆಡೆ ರೇಖಾಪಾಠ ಹೇಳುತ್ತಿದ್ದ ಅಧ್ಯಾಪಕನೊಬ್ಬನ ಕೈಯಲ್ಲಿಯೇ ಬೆಳೆದುವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶವು. ಇದರಿಂದ ನಮ್ಮ ಕಾಲೇಜುಗಳ ಇಂದಿನ ಕರ್ತವ್ಯದ ವಿಷಯದಲ್ಲಿಯೂ ಒಂದು ನಿರ್ಣಯವು ತಾನಾಗಿಯೇ ಲಭಿಸುವುದೆಂದು ನಂಬಿದ್ದೇನೆ.

ಸಂಸ್ಕೃತ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ನ್ಯಾಯವನ್ನೂ ಓದಿದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ಪ್ರಶ್ನೆಯು ಯುಕ್ತವೇ. ಯಂತ್ರವಿದ್ಯೆಯಲ್ಲಿ ನನಗೆ ಅಧಿಕಾರವಿಲ್ಲ. ಆದರೆ ಒಂದು ಶಾಸ್ತ್ರವು ಗುರುವಿನಿಂದ ಶಿಷ್ಯನಿಗೆ ಹೇಗೆ ಸಾಗುತ್ತದೆ, ಎಲ್ಲಿ ಲಕ್ಷಣವು ಮರೆತುಹೋಗಿ ಲಕ್ಷ್ಯಮಾತ್ರ ಉಳಿಯುತ್ತದೆ, ಎಂಬುದು ಪಾಠಶಾಲೆಯಲ್ಲಿ ಬೆಳೆದವರು ನಿತ್ಯವೂ ಕಂಡ ಸಂಗತಿ. ಆ ದೃಷ್ಟಿಯಿಂದಲೇ ಇಲ್ಲಿ ವಿಚಾರಮಾಡಿದೆ. ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ಶುಲ್ಬಸೂತ್ರಗಳಲ್ಲಿ ಹಗ್ಗದಿಂದ ವೇದಿಯನ್ನು ಅಳೆಯುವ ಸೂಕ್ಷ್ಮವಾದ ಕ್ಷೇತ್ರಗಣಿತವಿದೆ. ಅದು ನಮಗೆ ಹೆಮ್ಮೆಯ ವಿಷಯ. ಆದರೆ ಇಲ್ಲಿ ವಿವರಿಸುವ ವಿದ್ಯೆಯು ಅದರಿಂದ ಹುಟ್ಟಿದ್ದಲ್ಲ. ಇದಕ್ಕೆ ಬೇರೆ ವಂಶಾವಳಿಯುಂಟು. ಅದನ್ನು ಇದ್ದಂತೆ ಹೇಳುವುದೇ ಪ್ರಾಮಾಣಿಕತೆ.

೨. ಮಾಂಜನ ಶಾಸ್ತ್ರ

ಈ ವಂಶಾವಳಿಯ ಮೂಲಪುರುಷನು ಫ್ರಾನ್ಸ್ ದೇಶದ ಗಾಸ್ಪಾರ್ ಮಾಂಜ್ (೧೭೪೬–೧೮೧೮). ಮೆಝಿಯೆರ್ ಎಂಬಲ್ಲಿದ್ದ ಸೈನಿಕ ಶಿಲ್ಪಶಾಲೆಯಲ್ಲಿ ಈತನು ತರುಣನಾಗಿದ್ದಾಗ ಕೋಟೆಗಳ ವಿನ್ಯಾಸದಲ್ಲಿ ಒಂದು ಸಮಸ್ಯೆಯು ಎದುರಾಯಿತು. ಶತ್ರುವು ಯಾವ ಎತ್ತರದಲ್ಲಿ ನಿಂತರೂ ಅವನ ಗುಂಡು ಒಳಗಿನವರಿಗೆ ತಗುಲದಂತೆ ಗೋಡೆಯನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು? ಇದನ್ನು ಆ ಕಾಲದವರು ದೀರ್ಘವಾದ ಅಂಕಗಣಿತದಿಂದ ಸಾಧಿಸುತ್ತಿದ್ದರು. ಮಾಂಜನು ಕೇವಲ ರೇಖೆಗಳಿಂದ ಅತಿಶೀಘ್ರವಾಗಿ ಸಾಧಿಸಿದನು. ಅವನ ಕ್ರಮವು ಹೀಗೆ: ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ನೆಲಕ್ಕೊಂದು, ಹಿಂದಿನ ಗೋಡೆಗೊಂದು ಲಂಬವನ್ನು ಬಿಡುವುದು, ಆಮೇಲೆ ಗೋಡೆಯನ್ನು ಹಿಂದಕ್ಕೆ ಮಗುಚಿ ನೆಲದೊಂದಿಗೆ ಒಂದೇ ಸಮತಲವಾಗಿ ಮಾಡುವುದು. ಆಗ ಒಂದೇ ಹಾಳೆಯ ಮೇಲೆ ಮೇಲ್ನೋಟವೂ ಮುನ್ನೋಟವೂ ಜೊತೆಯಾಗಿ ನಿಲ್ಲುತ್ತವೆ. ಎರಡರಿಂದಲೂ ಕೂಡಿ ವಸ್ತುವಿನ ನಿಜವಾದ ಉದ್ದ, ಕೋನ, ಆಕಾರಗಳನ್ನು ಹೊರತೆಗೆಯಬಹುದು. ಘನವಾದದ್ದನ್ನು ಸಮತಲದಲ್ಲಿ ಕಟ್ಟಿಹಾಕಿ, ಸಮತಲದಿಂದ ಮತ್ತೆ ಘನವನ್ನು ಪಡೆಯುವ ಈ ಶಾಸ್ತ್ರಕ್ಕೆ ವರ್ಣನಾತ್ಮಕ ಕ್ಷೇತ್ರಗಣಿತವೆಂದು ಹೆಸರಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಈ ಕ್ರಮವು ಶತ್ರುಗಳಿಗೆ ತಿಳಿಯಬಾರದೆಂದು ಸೈನ್ಯಾಧಿಕಾರಿಗಳು ಅದನ್ನು ರಹಸ್ಯವಾಗಿಟ್ಟರು. ಅನೇಕ ವರ್ಷಗಳ ಕಾಲ ಮಾಂಜನು ತನ್ನ ಶಾಸ್ತ್ರವನ್ನು ಬಹಿರಂಗವಾಗಿ ಹೇಳಲಾರದೆ ಇದ್ದನು. ರಾಜ್ಯಕ್ರಾಂತಿಯ ತರುವಾಯ ೧೭೯೪ರಲ್ಲಿ ಪ್ಯಾರಿಸಿನಲ್ಲಿ ಹೊಸ ಶಿಲ್ಪವಿದ್ಯಾಲಯವು ಸ್ಥಾಪಿತವಾಗಿ ಮರುವರ್ಷ ಎಕೋಲ್ ಪಾಲಿಟೆಕ್ನೀಕ್ ಎಂಬ ಹೆಸರನ್ನು ಪಡೆಯಿತು. ೧೭೯೫ರಲ್ಲಿ ಮಾಂಜನು ಎಕೋಲ್ ನಾರ್ಮಾಲ್ ಎಂಬ ಅಧ್ಯಾಪಕಶಾಲೆಯಲ್ಲಿ ಹೇಳಿದ ಪಾಠಗಳು ೧೭೯೯ರಲ್ಲಿ ಗ್ರಂಥರೂಪವಾಗಿ ಬಂದುವು. ರಹಸ್ಯವಾಗಿದ್ದಷ್ಟು ಕಾಲ ಒಂದು ಶಾಲೆಯ ಸೊತ್ತಾಗಿದ್ದ ಶಾಸ್ತ್ರವು, ಪಾಠವಾದೊಡನೆ ಖಂಡಾಂತರಗಳಿಗೆ ಹರಡಿತು. ಕ್ರೋಜೆ ಎಂಬ ಫ್ರೆಂಚ್ ಇಂಜಿನಿಯರನು ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕಶಾಲೆಯಲ್ಲಿ ಅದನ್ನು ಬೋಧಿಸಿ ೧೮೨೧ರಲ್ಲಿ ಇಂಗ್ಲಿಷಿನಲ್ಲಿ ಪಠ್ಯವನ್ನು ಪ್ರಕಟಿಸಿದನು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ವಿಲಿಯಂ ಫ್ಯಾರಿಷ್ ಎಂಬ ಪ್ರಾಧ್ಯಾಪಕನು ತನ್ನ ಉಪನ್ಯಾಸಗಳಿಗೆ ಬೇಕಾದ ಯಂತ್ರಮಾದರಿಗಳನ್ನು ಪ್ರತಿ ಸಾರಿಯೂ ಬಿಚ್ಚಿ ಜೋಡಿಸಬೇಕಾಗುತ್ತಿತ್ತು. ಸಹಾಯಕರಿಗೆ ಜೋಡಣೆಯ ಕ್ರಮ ತಿಳಿಯಲೆಂದು ಮೂರು ಅಕ್ಷಗಳಿಗೂ ಒಂದೇ ಮಾಪನವಿರುವ ಚಿತ್ರಕ್ರಮವನ್ನು ವಿವರಿಸಿ ೧೮೨೨ರಲ್ಲಿ ಪ್ರಬಂಧ ಬರೆದನು. ಇಂದಿನ ವಿದ್ಯಾರ್ಥಿಗಳು ಐಸೊಮೆಟ್ರಿಕ್ ಎಂದು ಕರೆಯುವುದು ಇದನ್ನೇ. ಪಾಠ ಹೇಳುವವನ ಅಗತ್ಯದಿಂದಲೇ ಶಾಸ್ತ್ರವು ಬೆಳೆಯಿತೆಂಬುದಕ್ಕೆ ಇದೂ ಒಂದು ದೃಷ್ಟಾಂತ.

೩. ಭಾರತದಲ್ಲಿ ರೇಖಾಪಾಠ

ಭಾರತದಲ್ಲಿ ೧೭೯೪ರಲ್ಲಿ ಮದರಾಸಿನ ಮೋಜಣಿಶಾಲೆ, ೧೮೪೭ರಲ್ಲಿ ರೂರ್ಕಿಯ ಕಾಲೇಜು, ೧೮೫೪ರಲ್ಲಿ ಪುಣೆಯ ಶಾಲೆ, ಹೀಗೆ ಶಿಲ್ಪವಿದ್ಯಾಲಯಗಳು ಒಂದಾದಮೇಲೊಂದು ಹುಟ್ಟಿದುವು. ಮೋಜಣಿ, ಕಾಲುವೆ, ರಸ್ತೆ, ಸೇತುವೆ ಇವುಗಳ ಕೆಲಸಕ್ಕೆ ಜನರನ್ನು ಸಿದ್ಧಪಡಿಸುವುದೇ ಅವುಗಳ ಮೊದಲ ಉದ್ದೇಶವಾದ್ದರಿಂದ ನಕ್ಷೆ ಬರೆಯುವುದಕ್ಕೆ ಅಲ್ಲಿ ಹಿರಿಯ ಸ್ಥಾನವಿತ್ತು. ಪುಣೆಯ ಕಾಲೇಜಿನಲ್ಲಿ ಓದಿ ಇಂಜಿನಿಯರಾದ ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ, ೧೯೧೭ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಹಿಂದಿನ ವರ್ಷವಷ್ಟೇ ಸ್ಥಾಪಿತವಾಗಿದ್ದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಅದು ಸೇರಿತು. ಮರದ ಹಲಗೆ, ಟೀ ಸ್ಕ್ವೇರು, ಸೆಟ್ ಸ್ಕ್ವೇರು, ಕೈವಾರ, ಚೂಪುಮಾಡಿದ ಸೀಸದಕಡ್ಡಿ, ಇವೇ ಬಹುಕಾಲದವರೆಗೆ ಡ್ರಾಯಿಂಗ್ ಹಾಲಿನ ಉಪಕರಣಗಳಾಗಿದ್ದುವು. ತರುವಾಯ ಮಿನಿ ಡ್ರಾಫ್ಟರು ಬಂದಿತು. ಅದನ್ನು ಹೆಗಲಿಗೆ ತೂಗುಹಾಕಿಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದ ಹುಡುಗರನ್ನು ಕಂಡರೆ ಇವರು ಇಂಜಿನಿಯರಿಂಗ್ ಓದುವವರೆಂದು ಊರಿಗೆಲ್ಲ ತಿಳಿಯುತ್ತಿತ್ತು.

ಪಾಠದ ಅನುಕ್ರಮವು ಮಾತ್ರ ಮಾಂಜನದೇ. ಮೊದಲು ಬಿಂದು, ಆಮೇಲೆ ರೇಖೆ, ಆಮೇಲೆ ಸಮತಲ, ಕೊನೆಗೆ ಘನ. ಅಕ್ಷರ, ಪದ, ವಾಕ್ಯವೆಂಬ ಕ್ರಮದಲ್ಲಿ ಬಾಲಪಾಠವನ್ನು ಮಾಡಿದವರಿಗೆ ಇದರ ಔಚಿತ್ಯವು ಬೇಗನೆ ಮನಸ್ಸಿಗೆ ಹತ್ತುವುದು. ಭಾರತೀಯ ಮಾನಕವು ಅನುಸರಿಸುವ ಪ್ರಥಮಕೋನ ಪದ್ಧತಿಯಲ್ಲಿ ವಸ್ತುವು ನೋಡುವವನಿಗೂ ಸಮತಲಕ್ಕೂ ನಡುವೆ ಇರುತ್ತದೆ. ಎಂದರೆ ದೀಪದ ಮುಂದಿಟ್ಟ ವಸ್ತುವಿನ ನೆಳಲು ಹಿಂದಿನ ಗೋಡೆಯ ಮೇಲೆ ಬೀಳುವಂತೆ ಚಿತ್ರವು ಬೀಳುತ್ತದೆ. ಅಮೆರಿಕದಲ್ಲಿ ರೂಢಿಯಾಗಿರುವ ತೃತೀಯಕೋನ ಪದ್ಧತಿಯಲ್ಲಾದರೋ ಸಮತಲವು ಗಾಜಿನಂತೆ ಕಣ್ಣಿಗೂ ವಸ್ತುವಿಗೂ ನಡುವೆ ನಿಲ್ಲುವುದು.

೪. ಅಮೆರಿಕದ ಪಾಠಶಾಲೆಯಲ್ಲಿ

ಇನ್ನು ಪ್ರಕೃತಕ್ಕೆ ಬರೋಣ. ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ೧೯೫೨ರಲ್ಲಿ ಅಂಕಿಗಳ ಆಜ್ಞೆಯಂತೆ ಲೋಹವನ್ನು ಕಡೆಯುವ ಯಂತ್ರವೊಂದನ್ನು ಪ್ರದರ್ಶಿಸಿದರು. ಯಂತ್ರಕ್ಕೆ ಅಂಕಿಗಳಿಂದ ಆಜ್ಞೆ ಕೊಡಬಹುದಾದರೆ ವಸ್ತುವಿನ ರೂಪವನ್ನೇ ಗಣಕಯಂತ್ರದೊಳಗೆ ಕಲ್ಪಿಸಬಹುದಲ್ಲವೆ ಎಂಬ ಯೋಚನೆಯು ಅಲ್ಲಿಂದ ಮುಂದುವರಿಯಿತು. ೧೯೫೯ರಲ್ಲಿ ಅಲ್ಲಿಯ ವಿದ್ಯುತ್ ಪ್ರಯೋಗಾಲಯವೂ ಯಂತ್ರಶಿಲ್ಪ ವಿಭಾಗವೂ ಕೂಡಿ ಗಣಕಸಹಾಯಕ ವಿನ್ಯಾಸವೆಂಬ ಹೆಸರಿನಲ್ಲಿಯೇ ಸಂಶೋಧನೆಯನ್ನು ಕೈಗೊಂಡುವು. ಗಣಕದ ಪಕ್ಷದಲ್ಲಿ ಡಗ್ಲಸ್ ರಾಸ್ ಎಂಬವರು ಮುಖ್ಯರು. ಯಂತ್ರಶಿಲ್ಪದ ಪಕ್ಷದಲ್ಲಿ ಸ್ಟೀವನ್ ಕೂನ್ಸ್ (೧೯೧೨–೧೯೭೯).

ಈ ಕೂನ್ಸ್ ಯಾರು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಚಾನ್ಸ್ ವೋಟ್ ವಿಮಾನದ ಕಾರ್ಖಾನೆಯಲ್ಲಿ ವಿಮಾನಶರೀರದ ವಕ್ರರೇಖೆಗಳೊಡನೆ ಪಳಗಿದವರು; ಅನಂತರ ವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಗೆ ರೇಖಾಪಾಠವನ್ನು ಹೇಳುತ್ತಿದ್ದ ಅಧ್ಯಾಪಕರು. ೧೯೬೧ರಲ್ಲಿ ಜಾನ್ ರೂಲ್ ಎಂಬವರೊಡನೆ ಕೂಡಿ ಅದೇ ವಿಷಯದ ಪಠ್ಯಗ್ರಂಥವನ್ನು ಪ್ರಕಟಿಸಿದವರು. ಆ ಕಾಲದಲ್ಲಿ ಅವರ ದೇಶದಲ್ಲಿ ರೇಖಾಪಾಠಕ್ಕೆ ಕ್ಷೀಣದಶೆಯು ಬಂದಿತ್ತೆಂಬುದನ್ನು ಮರೆಯಬಾರದು. ೧೯೫೫ರಲ್ಲಿ ಗ್ರಿಂಟರ್ ವರದಿಯೆಂಬುದು ಹೊರಬಂದು, ಕಾಲೇಜುಗಳು ಕರಕೌಶಲವನ್ನು ಕಡಿಮೆಮಾಡಿ ವಿಜ್ಞಾನಶಾಸ್ತ್ರಗಳಿಗೆ ಹೆಚ್ಚು ಪ್ರಾಧಾನ್ಯ ಕೊಡಬೇಕೆಂಬ ಮತವು ಬಲಗೊಂಡಿತ್ತು. ಅಂತಹ ಸಮಯದಲ್ಲಿ ರೇಖಾಪಾಠದ ಅಧ್ಯಾಪಕರೊಬ್ಬರು ತಮ್ಮ ವಿಷಯದೊಳಗಿನ ಗಣಿತವನ್ನೇ ಹೊರತೆಗೆದು ಹೊಸ ಶಾಸ್ತ್ರಕ್ಕೆ ಅಡಿಪಾಯ ಹಾಕಿದರು.

೧೯೬೩ರ ಜನವರಿಯಲ್ಲಿ ಐವನ್ ಸದರ್ಲೆಂಡ್ ಎಂಬ ವಿದ್ಯಾರ್ಥಿಯು ಸ್ಕೆಚ್‌ಪ್ಯಾಡ್ ಎಂಬ ತನ್ನ ರಚನೆಯನ್ನು ಕುರಿತು ಪಿಎಚ್.ಡಿ. ಪ್ರಬಂಧವನ್ನೊಪ್ಪಿಸಿದನು. ಕ್ಲಾಡ್ ಶ್ಯಾನನ್ ಮಾರ್ಗದರ್ಶಕರು, ಕೂನ್ಸ್ ಪರೀಕ್ಷಕಮಂಡಲಿಯಲ್ಲಿದ್ದವರು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್–೨ ಎಂಬ ಗಣಕದ ಪರದೆಯನ್ನು ಬೆಳಕಿನ ಲೇಖನಿಯಿಂದ ಮುಟ್ಟಿ ರೇಖೆ ಎಳೆಯುವುದು ಇದರ ಹೊರರೂಪ. ಒಳತಿರುಳು ಬೇರೆ. ಅಡ್ಡಾದಿಡ್ಡಿಯಾಗಿ ಎಳೆದ ನಾಲ್ಕು ರೇಖೆಗಳಿಗೆ 'ಇವು ಪರಸ್ಪರ ಸಮಾನಾಂತರ, ಇವು ಸಮಾನದೀರ್ಘ' ಎಂದು ನಿಯಮಗಳನ್ನು ವಿಧಿಸಿದರೆ ಗಣಕವು ತಾನೇ ರೇಖೆಗಳನ್ನು ಸರಿಸಿ ನಿಯಮಗಳನ್ನು ಪಾಲಿಸುವ ಆಕಾರವನ್ನು ಮಾಡುತ್ತಿತ್ತು. ಮೂಲಚಿತ್ರವೊಂದನ್ನು ಮಾಡಿ ಅದರ ಪ್ರತಿಗಳನ್ನು ನೂರು ಕಡೆ ಇಟ್ಟಿದ್ದರೆ, ಮೂಲವನ್ನು ತಿದ್ದಿದೊಡನೆ ನೂರು ಕಡೆಯಲ್ಲಿಯೂ ತಿದ್ದುಪಡಿಯಾಗುತ್ತಿತ್ತು. ಎಂದರೆ ಅದು ಚಿತ್ರವನ್ನಲ್ಲ, ಚಿತ್ರದ ಲಕ್ಷಣವನ್ನು ನೆನಪಿನಲ್ಲಿಟ್ಟುಕೊಳ್ಳುತ್ತಿತ್ತು. ಇಂದಿನ ತಂತ್ರಾಂಶಗಳಲ್ಲಿ ವಿದ್ಯಾರ್ಥಿಗಳು ನಿತ್ಯವೂ ಬಳಸುವ ನಿರ್ಬಂಧಗಳಿಗೆ ಇದೇ ಪೂರ್ವರೂಪವು.

ಕೂನ್ಸರ ಸ್ವಂತ ಸಾಧನೆಯನ್ನು ೧೯೬೭ರ ವರದಿಯೊಂದರಲ್ಲಿ ನೋಡಬಹುದು. ನಾಲ್ಕು ವಕ್ರರೇಖೆಗಳು ಸೇರಿ ಒಂದು ಚೌಕಟ್ಟಾಗಿವೆ. ಅದಕ್ಕೆ ಮುಚ್ಚಳದಂತೆ ನುಣುಪಾದ ಮೇಲ್ಮೈಯನ್ನು ಹೊದಿಸಬೇಕು. ಎದುರುಬದುರಾದ ಎರಡು ರೇಖೆಗಳ ನಡುವೆ ನೇರವಾದ ಎಳೆಗಳನ್ನು ಹಾಸಿದರೆ ಒಂದು ಮೇಲ್ಮೈ. ಉಳಿದೆರಡರ ನಡುವೆ ಹಾಸಿದರೆ ಇನ್ನೊಂದು. ಎರಡನ್ನೂ ಕೂಡಿಸಿದರೆ ಮೂಲೆಗಳ ಪಾಲು ಎರಡು ಸಲ ಬಂದಿರುತ್ತದೆ. ಆದ್ದರಿಂದ ನಾಲ್ಕು ಮೂಲೆಗಳಿಂದಷ್ಟೇ ಹುಟ್ಟುವ ಮೇಲ್ಮೈಯನ್ನು ಒಂದು ಸಲ ಕಳೆಯಬೇಕು. ಆಗ ಉಳಿಯುವುದು ನಾಲ್ಕು ಅಂಚುಗಳಿಗೂ ಸರಿಯಾಗಿ ಕೂಡುತ್ತದೆ. ಪುನರುಕ್ತಿಯನ್ನು ಪರಿಹರಿಸಿ ಸೂತ್ರವನ್ನು ಶುದ್ಧಮಾಡುವ ನಮ್ಮ ವೈಯಾಕರಣರಿಗೆ ಈ ಲಾಘವವು ಮೆಚ್ಚುಗೆಯಾಗದೆ ಇರದು.

೫. ಪೂರ್ವಪಕ್ಷವೂ ಸಮಾಧಾನವೂ

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಅದೇ ಕಾಲದಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯು ಐಬಿಎಂ ಸಂಸ್ಥೆಯೊಡನೆ ಸೇರಿ ಡಿಎಸಿ–೧ ಎಂಬ ವ್ಯವಸ್ಥೆಯನ್ನು ನಿರ್ಮಿಸಿ ೧೯೬೪ರಲ್ಲಿ ಲೋಕಕ್ಕೆ ತೋರಿಸಿತಲ್ಲವೆ? ಫ್ರಾನ್ಸಿನಲ್ಲಿ ಸಿಟ್ರೊಯೆನ್ ಕಾರ್ಖಾನೆಯ ಪಾಲ್ ದ ಕಾಸ್ಟೆಲ್ಜೋ ೧೯೫೯ರಲ್ಲಿಯೂ, ರೆನೋ ಕಾರ್ಖಾನೆಯ ಪಿಯೆರ್ ಬೆಝಿಯೆ ಕೆಲವು ವರ್ಷಗಳ ಮೇಲೆಯೂ ವಕ್ರರೇಖೆಗಳ ಗಣಿತವನ್ನು ಕಂಡುಹಿಡಿಯಲಿಲ್ಲವೆ? ಹಾಗಿರಲು ವಿದ್ಯಾಪೀಠಗಳಿಗೆ ಅಗ್ರಪೂಜೆಯನ್ನು ಸಲ್ಲಿಸುವುದು ಹೇಗೆ?

ಸಮಾಧಾನ: ಕಾರ್ಖಾನೆಗಳ ಸಾಧನೆಯು ನಿರಾಕರಿಸತಕ್ಕದ್ದಲ್ಲ. ಕಾಲದೃಷ್ಟಿಯಿಂದ ದ ಕಾಸ್ಟೆಲ್ಜೋ ಎಲ್ಲರಿಗಿಂತ ಮುಂದೆ ಇದ್ದರೆಂದು ಒಪ್ಪಬೇಕು. ಆದರೆ ಅವರ ಬರಹಗಳನ್ನು ಕಾರ್ಖಾನೆಯು ಗುಟ್ಟಾಗಿಟ್ಟಿತು. ೧೯೭೦ರ ದಶಕದ ನಡುಭಾಗದವರೆಗೆ ಹೊರಗಿನ ವಿದ್ವಾಂಸರಿಗೆ ಅವುಗಳ ಪರಿಚಯವೇ ಆಗಲಿಲ್ಲ. ಬೆಝಿಯೆ ತಮ್ಮ ಕ್ರಮವನ್ನು ಪ್ರಕಟಿಸಿದರು. ಆದ್ದರಿಂದ ಒಬ್ಬರು ಮೊದಲು ಕಂಡ ರೇಖೆಗೆ ಇನ್ನೊಬ್ಬರ ಹೆಸರು ನಿಂತಿತು. ಮೆಝಿಯೆರಿನಲ್ಲಿ ಮಾಂಜನ ಶಾಸ್ತ್ರಕ್ಕೆ ಒದಗಿದ ಗತಿಯೇ ಎರಡು ಶತಮಾನಗಳ ತರುವಾಯ ಅದೇ ದೇಶದಲ್ಲಿ ಇನ್ನೊಮ್ಮೆ ಒದಗಿತೆಂದು ಹೇಳಬೇಕು. ಕೂನ್ಸರಾದರೋ ಕಂಡದ್ದನ್ನು ಬರೆದರು, ಬರೆದದ್ದನ್ನು ಕಲಿಸಿದರು. ಮಸಾಚುಸೆಟ್ಸನ್ನು ಬಿಟ್ಟು ಸಿರಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ಹೋದಮೇಲೆ ಅವರ ಸುತ್ತ ಬೆಳೆದ ವಿದ್ಯಾರ್ಥಿಗಳಲ್ಲಿ ರಿಚರ್ಡ್ ರೀಸನ್‌ಫೆಲ್ಡ್ ೧೯೭೩ರಲ್ಲಿ ಬಿ–ಸ್ಪ್ಲೈನ್ ರೇಖೆಗಳನ್ನು ಕುರಿತೂ, ಕೆನೆತ್ ವರ್ಸ್ಪ್ರಿಲ್ ೧೯೭೫ರಲ್ಲಿ ಅವುಗಳ ಭಿನ್ನರಾಶಿರೂಪವನ್ನು ಕುರಿತೂ ಪ್ರಬಂಧಗಳನ್ನು ಬರೆದರು. ಇಂದು ನರ್ಬ್ಸ್ ಎಂಬ ಹೆಸರಿನಿಂದ ಬಹುತೇಕ ಎಲ್ಲ ವಿನ್ಯಾಸ ತಂತ್ರಾಂಶಗಳಲ್ಲಿಯೂ ವಕ್ರರೂಪಗಳನ್ನು ಬರೆದಿಡುವುದು ಈ ಮಾರ್ಗದಿಂದಲೇ. ರೀಸನ್‌ಫೆಲ್ಡರು ಯೂಟಾ ವಿಶ್ವವಿದ್ಯಾನಿಲಯವನ್ನು ಸೇರಿ, ೧೯೭೪ರಲ್ಲಿ ಬಾರ್ನ್‌ಹಿಲ್ ಎಂಬವರೊಡನೆ ನಡೆಸಿದ ಸಮ್ಮೇಳನದಿಂದ ಈ ಗಣಿತಕ್ಕೆ ಒಂದು ಸ್ವತಂತ್ರ ಶಾಸ್ತ್ರದ ಹೆಸರೇ ಬಂದಿತು. ಇದು ಗುರುಪರಂಪರೆಯಲ್ಲದೆ ಮತ್ತೇನು? ಆದಕಾರಣ ಕಂಡವರು ಕಾರ್ಖಾನೆಗಳಲ್ಲಿಯೂ ಇದ್ದರು, ಶಾಸ್ತ್ರವಾಗಿ ನಿಲ್ಲಿಸಿದವು ವಿದ್ಯಾಪೀಠಗಳು, ಎಂಬುದೇ ಸಿದ್ಧಾಂತವು.

೬. ಘನರೂಪದ ಲಕ್ಷಣ

ರೇಖೆಗಳೂ ಮೇಲ್ಮೈಗಳೂ ಸಾಧಿಸಿದಮೇಲೆ ಘನವಸ್ತುವನ್ನು ಘನವಾಗಿಯೇ ಗಣಕಕ್ಕೆ ತಿಳಿಸುವುದು ಹೇಗೆಂಬ ಪ್ರಶ್ನೆಯು ಉಳಿಯಿತು. ತಂತಿಯ ಗೂಡಿನಂತೆ ಅಂಚುಗಳನ್ನು ಮಾತ್ರ ಕೊಟ್ಟರೆ ಒಳಗೆ ಯಾವುದು, ಹೊರಗೆ ಯಾವುದು ಎಂಬುದು ಗಣಕಕ್ಕೆ ತಿಳಿಯದು. ಇದಕ್ಕೆ ಎರಡು ಪ್ರಸ್ಥಾನಗಳು ಹುಟ್ಟಿದುವು, ಎರಡೂ ವಿಶ್ವವಿದ್ಯಾನಿಲಯಗಳಲ್ಲಿಯೇ.

ಅಮೆರಿಕದ ರಾಚೆಸ್ಟರಿನಲ್ಲಿ ಹರ್ಬರ್ಟ್ ವೋಲ್ಕರ್, ಅರಿಸ್ಟೈಡಿಸ್ ರೆಕ್ವಿಚಾ ಎಂಬವರ ಪ್ರಸ್ಥಾನದಲ್ಲಿ ದಿಮ್ಮಿ, ಉರುಳೆ ಮುಂತಾದ ಮೂಲಘನಗಳನ್ನು ಕೂಡಿಸಿ, ಕಳೆದು, ಛೇದಿಸಿ ವಸ್ತುವನ್ನು ನಿರೂಪಿಸುವುದು. ತೂತುಳ್ಳ ಹಲಗೆಯೆಂದರೆ ಹಲಗೆಯಿಂದ ಉರುಳೆಯನ್ನು ಕಳೆದದ್ದು. ಕೇಂಬ್ರಿಜಿನಲ್ಲಿ ಇಯಾನ್ ಬ್ರೇಡ್ ೧೯೭೩ರ ತಮ್ಮ ಪ್ರಬಂಧದಲ್ಲಿ ಅನುಸರಿಸಿದ ಪ್ರಸ್ಥಾನದಲ್ಲಿ ಮುಖ, ಅಂಚು, ಮೂಲೆ ಇವುಗಳ ಪರಸ್ಪರ ಸಂಬಂಧದಿಂದ ವಸ್ತುವಿನ ಎಲ್ಲೆಯನ್ನೇ ನಿರೂಪಿಸುವುದು. ಈ ಎರಡನೆಯ ಮಾರ್ಗದಲ್ಲಿ ವಸ್ತುವು ಸರಿಯಾಗಿದೆಯೆ ಎಂದು ಪರೀಕ್ಷಿಸುವುದಕ್ಕೆ ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನ ನಿಯಮವು ಒದಗುತ್ತದೆ: ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ, ತೂತಿಲ್ಲದ ಘನದಲ್ಲಿ ೨ ಬರಬೇಕು. ಸಮಚತುರಸ್ರ ಘನಕ್ಕೆ ೮ ಮೂಲೆ, ೧೨ ಅಂಚು, ೬ ಮುಖ. ೮ರಿಂದ ೧೨ ಕಳೆದು ೬ ಕೂಡಿಸಿದರೆ ೨.

ಬ್ರೇಡರೂ ಅವರ ಸಂಗಡಿಗರೂ ೧೯೭೪ರಲ್ಲಿ ಶೇಪ್ ಡೇಟಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿ ರೊಮ್ಯುಲಸ್ ಎಂಬ ತಂತ್ರಾಂಶವೂ, ಅದರ ತರುವಾಯ ಪ್ಯಾರಾಸಾಲಿಡ್ ಎಂಬುದೂ ಹುಟ್ಟಿದುವು. ಇಂದು ಪ್ರಸಿದ್ಧವಾಗಿರುವ ಸಾಲಿಡ್‌ವರ್ಕ್ಸ್, ಸಾಲಿಡ್ ಎಡ್ಜ್ ಎಂಬ ಎರಡು ತಂತ್ರಾಂಶಗಳ ಗರ್ಭದಲ್ಲಿಯೂ ಇರುವುದು ಈ ಪ್ಯಾರಾಸಾಲಿಡ್ಡೇ. ಫ್ಯಾರಿಷನು ತನ್ನ ಸಹಾಯಕರಿಗಾಗಿ ಚಿತ್ರ ಬರೆದ ಕೇಂಬ್ರಿಜಿನಲ್ಲಿಯೇ, ಸುಮಾರು ನೂರೈವತ್ತು ವರ್ಷಗಳ ಮೇಲೆ, ಆ ಚಿತ್ರವನ್ನು ತಾನೇ ಬರೆಯುವ ಯಂತ್ರಕ್ಕೆ ಬೀಜಾವಾಪವಾಯಿತು.

೭. ನಮ್ಮ ಕಾಲೇಜುಗಳಲ್ಲಿ

೧೯೮೨ರಲ್ಲಿ ಆಟೋಕ್ಯಾಡ್ ಎಂಬ ತಂತ್ರಾಂಶವು ಸಣ್ಣ ಗಣಕಗಳಿಗಾಗಿ ಮಾರಾಟಕ್ಕೆ ಬಂದಮೇಲೆ ಈ ವಿದ್ಯೆಯು ದೊಡ್ಡ ಪ್ರಯೋಗಾಲಯಗಳಿಂದ ಹೊರಟು ಸಾಮಾನ್ಯ ಕಚೇರಿಗಳಿಗೂ ಕಾಲೇಜುಗಳಿಗೂ ಇಳಿಯಿತು. ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳು ಮೊದಲು ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿದ್ದುವು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಸ್ಥಾಪಿತವಾದಮೇಲೆ ಬಹುಭಾಗವು ಅದರ ಆಶ್ರಯಕ್ಕೆ ಬಂದುವು. ಅದರ ಮೊದಲ ವರ್ಷದ ಪಾಠದಲ್ಲಿ ಕಂಪ್ಯೂಟರ್ ಏಡೆಡ್ ಇಂಜಿನಿಯರಿಂಗ್ ಡ್ರಾಯಿಂಗ್ ಎಂಬ ವಿಷಯವು ನೆಲೆಗೊಂಡಿತು. ಆ ಪಾಠಪಟ್ಟಿಯನ್ನು ತೆರೆದು ನೋಡಿದರೆ ಬಿಂದು, ರೇಖೆ, ಸಮತಲ, ಘನಗಳ ಪ್ರಕ್ಷೇಪ, ಮೇಲ್ಮೈಗಳ ವಿಸ್ತರಣ, ಐಸೊಮೆಟ್ರಿಕ್ ಎಂಬ ಅನುಕ್ರಮವೇ ಕಾಣುವುದು. ಅನೇಕ ಕಾಲೇಜುಗಳಲ್ಲಿ ಸಾಲಿಡ್ ಎಡ್ಜ್ ಎಂಬ ತಂತ್ರಾಂಶವೇ ಇದರ ಸಾಧನ. ಹೀಗೆ ಮಾಂಜನ ಪಾಠ, ಫ್ಯಾರಿಷನ ಚಿತ್ರ, ಸದರ್ಲೆಂಡನ ನಿರ್ಬಂಧ, ಬ್ರೇಡರ ಘನ, ಇವೆಲ್ಲವೂ ಕಲಬುರಗಿಯ ಅಥವಾ ಹಾಸನದ ವಿದ್ಯಾರ್ಥಿಯ ಒಂದು ಘಂಟೆಯ ಅಭ್ಯಾಸದಲ್ಲಿ ಬಂದು ಕೂಡಿವೆ. ಆ ವಿದ್ಯಾರ್ಥಿಗೆ ಈ ಹೆಸರುಗಳಲ್ಲಿ ಒಂದಾದರೂ ತಿಳಿದಿದೆಯೆ?

ನಾನು ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ರಾಜ್ಯೋತ್ಸವಕ್ಕೆ ಹೋಗಿದ್ದಾಗ ಅಲ್ಲಿಯ ಗಣಕಶಾಲೆಯನ್ನು ನೋಡುವ ಅವಕಾಶವು ಒದಗಿತು. ವಿದ್ಯಾರ್ಥಿನಿಯೊಬ್ಬಳು ನೋಡನೋಡುತ್ತಿದ್ದಂತೆಯೇ ಷಟ್ಕೋನದ ಸ್ತಂಭವೊಂದನ್ನು ನಿರ್ಮಿಸಿ, ಓರೆಮಾಡಿ, ಅದರ ಮೂರು ನೋಟಗಳನ್ನು ತೋರಿಸಿದಳು. ನನಗೆ ಆಶ್ಚರ್ಯವೂ ಸಂತೋಷವೂ ಆಯಿತು. 'ಮೇಲಿನ ನೋಟದಲ್ಲಿ ಈ ರೇಖೆಯು ಏಕೆ ಗಿಡ್ಡವಾಯಿತಮ್ಮ?' ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಪರದೆಯನ್ನು ನೋಡಿ, 'ಸಾಫ್ಟ್‌ವೇರ್ ಹಾಗೆ ತೋರಿಸುತ್ತದೆ, ಸರ್' ಎಂದಳು. ಅವಳನ್ನು ದೂಷಿಸಲಾರೆ. ಸೂತ್ರವನ್ನು ಕಂಠಪಾಠಮಾಡಿ ರೂಪಸಿದ್ಧಿಯನ್ನು ಅರಿಯದ ವಿದ್ಯಾರ್ಥಿಗಳನ್ನು ನಮ್ಮ ಪಾಠಶಾಲೆಗಳಲ್ಲಿಯೂ ಬೇಕಾದಷ್ಟು ಕಂಡಿದ್ದೇನೆ. ಒಂದು ಕಾಲಕ್ಕೆ ನಾನೂ ಅಂತಹವನೇ ಆಗಿದ್ದೆ.

ಹಾಗೆಂದು ಮರದ ಹಲಗೆಗೆ ಹಿಂತಿರುಗಬೇಕೆಂದು ಹೇಳುವುದು ವಿವೇಕವಲ್ಲ. ಹಲಗೆಯ ಕಾಲದಲ್ಲಿಯೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ಬೆಳಕಿನ ಮೇಲಿಟ್ಟು ನಕಲುಮಾಡುತ್ತಿದ್ದರೆಂದು ಆ ಕಾಲದವರೇ ಹೇಳುತ್ತಾರೆ. ಕೈಯ ಶ್ರಮವೇ ಜ್ಞಾನವಲ್ಲ. ವಿಶ್ವವಿದ್ಯಾನಿಲಯದ ಪರೀಕ್ಷಾಕ್ರಮದಲ್ಲಿ ಹಾಳೆಯ ಮೇಲೆ ಕೈಯಿಂದ ಬರೆದ ರೇಖಾಚಿತ್ರಕ್ಕೂ ಗಣಕದಿಂದ ತೆಗೆದ ಮುದ್ರಿತ ಚಿತ್ರಕ್ಕೂ ಅಂಕಗಳನ್ನು ಹಂಚಿರುವುದು ದೂರದೃಷ್ಟಿಯ ಕಾರ್ಯವೆಂದೇ ನನ್ನ ಭಾವನೆ. ಆದರೆ ಎರಡಕ್ಕೂ ನಡುವೆ ಇರುವ ಕಾರಣವನ್ನು ಕಲಿಸದಿದ್ದರೆ ಈ ಹಂಚಿಕೆಯೂ ವ್ಯರ್ಥವಾಗುವುದು.

೮. ಉಪಸಂಹಾರ

ಮೇಲಣ ವಿಚಾರದಿಂದ ಮೂರು ಅಂಶಗಳು ಸಿದ್ಧಿಸುತ್ತವೆ. ಮೊದಲನೆಯದು, ಗಣಕಸಹಾಯಕ ವಿನ್ಯಾಸವು ರೇಖಾಪಾಠಕ್ಕೆ ಹೊರಗಿನಿಂದ ಬಂದ ಅತಿಥಿಯಲ್ಲ. ಆ ಪಾಠದ ಸಂತಾನವೇ. ಎರಡನೆಯದು, ಈ ವಿದ್ಯೆಯು ಎರಡು ಬಾರಿ ಗುಟ್ಟಾಗಿ ಕುಂಠಿತವಾಯಿತು, ಎರಡು ಬಾರಿ ಪಾಠವಾಗಿ ಬೆಳೆಯಿತು. ಮೂರನೆಯದು, ಇಂದು ಕಾಲೇಜುಗಳಲ್ಲಿ ಬಳಸುವ ತಂತ್ರಾಂಶಗಳ ಒಡಲು ವ್ಯಾಪಾರಸಂಸ್ಥೆಗಳ ಸ್ವತ್ತಾಗಿ ಮತ್ತೆ ಮುಚ್ಚಿಹೋಗಿದೆ. ವಿದ್ಯಾರ್ಥಿಯು ಗುಂಡಿಯನ್ನೊತ್ತಬಲ್ಲನೇ ಹೊರತು ಒಳಗಿನ ನಿಯಮವನ್ನು ಕಾಣಲಾರನು. ೧೯೯೯ರಲ್ಲಿ ಓಪನ್ ಕ್ಯಾಸ್ಕೇಡ್ ಎಂಬ ಘನರೂಪಯಂತ್ರದ ಒಳಗನ್ನು ಎಲ್ಲರಿಗೂ ತೆರೆದಿಟ್ಟರು. ಅದನ್ನಾಶ್ರಯಿಸಿ ನಡೆಯುವ ಫ್ರೀಕ್ಯಾಡ್ ಎಂಬ ತಂತ್ರಾಂಶವನ್ನು ಯಾರಾದರೂ ಬಿಚ್ಚಿ ನೋಡಬಹುದು. ಪಾಠಕ್ಕೆ ಇಂತಹದೊಂದು ತೆರೆದ ಗ್ರಂಥವು ಜೊತೆಯಲ್ಲಿರುವುದು ಲೇಸು.

ಭಾಷೆಯ ವಿಷಯವಾಗಿ ಒಂದು ಮಾತು. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಇಂಜಿನಿಯರಿಂಗ್ ಪಾಠವನ್ನು ದೇಶಭಾಷೆಗಳಲ್ಲಿ ನಡೆಸಲು ಅನುಮತಿಯಿತ್ತಿತು. ಆದ್ದರಿಂದ ಪರಿಭಾಷೆಯ ಭಾರವು ಸಾಹಿತ್ಯಾಧ್ಯಾಪಕರ ಮೇಲೆಯೂ ಬಿದ್ದಿದೆ. ಪ್ರೊಜೆಕ್ಷನ್ ಎಂಬುದಕ್ಕೆ ಪ್ರಕ್ಷೇಪವೆಂಬ ಶಬ್ದವು ರೂಢಿಗೆ ಬಂದಿದೆ. ಎರಡು ಭಾಷೆಗಳಲ್ಲಿಯೂ ಧಾತ್ವರ್ಥವು ಎಸೆಯುವುದೇ ಆದ್ದರಿಂದ ಶಾಸ್ತ್ರಕ್ಕೆ ಅದು ಒಪ್ಪುವುದು. ಆದರೆ ಬೋಧಿಸುವಾಗ ಮೊದಲ ದಿನ 'ನೆಳಲು' ಎಂದು ಆರಂಭಿಸಿದರೆ ಹಳ್ಳಿಯಿಂದ ಬಂದ ಹುಡುಗನಿಗೂ ಪ್ರಥಮಕೋನವು ಅರ್ಥವಾಗುವುದು. ಓರೆಯಾಗಿ ಹಿಡಿದ ಕೋಲಿನ ನೆಳಲು, ನಡುಮಧ್ಯಾಹ್ನ ಬಿಸಿಲು ನೆಟ್ಟಗೆ ಬೀಳುವಾಗ ಕೋಲಿಗಿಂತ ಗಿಡ್ಡವಾಗಿ ಬೀಳುವುದೆಂದು ತಿಳಿದವನು, ಪರದೆಯ ಮೇಲೆ ರೇಖೆಯು ಏಕೆ ಗಿಡ್ಡವಾಯಿತೆಂದು ಕೇಳಿದವರಿಗೆ ತಾನೇ ಉತ್ತರ ಹೇಳುವನು. ಅಷ್ಟು ಮಾಡಿಸಬಲ್ಲ ಅಧ್ಯಾಪಕನಿರುವ ಕಾಲೇಜಿನಲ್ಲಿ ಯಾವ ತಂತ್ರಾಂಶವಿದ್ದರೂ ಬಾಧಕವಿಲ್ಲ.